ಲವಾನ್ ಬ್ರೆಕೆ ಮತ್ತು ಊರಿನವರ ಪಾತ್ರೆಗಳು

ಅಮೆರಿಕದ ಉತ್ತರ ತುದಿಯ ಮಿನೆಸೋಟದ ವೆಸ್ಟರ್‌ಹೆಮ್ ಎಂಬ ಊರಿನ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದ ಲವಾನ್ ಬ್ರೆಕೆಗೆ ಜೀವನದಲ್ಲಿ ಉಳಿದಿದ್ದದ್ದು ಒಂದೇ ಆಸೆ. ಜನವರಿ ತಿಂಗಳಲ್ಲಿ ತೆಳ್ಳನೆಯ ಹತ್ತಿ ಗೌನು ತೊಟ್ಟು, ಬರಿಗಾಲಲ್ಲಿ, ಮನೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂರಬೇಕು. ಅಷ್ಟೇ. ವೆಸ್ಟರ್‌ಹೆಮ್‌ನಲ್ಲಿ ಜನವರಿಯಲ್ಲಿ ಹಾಗೆ ಕೂತವರನ್ನು ಒಳಗೆ ತರಲು ಇಬ್ಬರು ಗಂಡಸರು ಬೇಕು, ಅವರೂ ಕುರ್ಚಿಯ ಸಮೇತವೇ ಎತ್ತಬೇಕು.

ಅವಳಿಗೆ ಅರವತ್ತೇಳು ವರ್ಷ. ಪ್ರತಿ ನವೆಂಬರಿನಲ್ಲಿ ಬೆರಳ ಗೆಣ್ಣುಗಳು ಊದಿಕೊಂಡರೆ ಮತ್ತೆ ಇಳಿಯುವುದು ಮೇ ತಿಂಗಳಿಗೇ. ಕಳೆದ ಚಳಿಗಾಲದಲ್ಲಂತೂ ಕೋಟಿನ ಗುಂಡಿ ಹಾಕಲು ಗಂಡನನ್ನು ಕರೆಯಬೇಕಾಯಿತು. ಗಂಡ ಆರ್ಲಿನ್ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಗುಂಡಿಗಳನ್ನು ನಟ್ಟು ಬಿಗಿದಂತೆ ಬಿಗಿದ. ಅವತ್ತು ಚರ್ಚಿನಲ್ಲಿ ಒಂದು ಗಂಟೆ ಉಸಿರು ಕಟ್ಟಿಕೊಂಡು ಕೂತ ಲವಾನ್ ಮನೆಗೆ ಬಂದವಳೇ ಹೇಳಿದಳು: "ಆರ್ಲಿನ್, ನಾನು ಮೆಕ್ಸಿಕೊಗೆ ಹೋಗ್ತೀನಿ."

ಆರ್ಲಿನ್ ಯೋಚಿಸಿದ. ಅವನು ಯೋಚಿಸುವುದು ಹೊರಗಿನಿಂದ ನೋಡುವವರಿಗೆ ನಿದ್ದೆಯಂತೆಯೇ ಕಾಣುತ್ತದೆ. ಕಾಫಿ ಪೂರ್ತಿ ತಣ್ಣಗಾದ ಮೇಲೆ ಕೇಳಿದ: "ಊಟಕ್ಕೆ ಮುಂಚೆನೋ, ಆಮೇಲೋ?"

"ತಮಾಷೆ ಅಲ್ಲ. ಅಲ್ಲೇ ಇರೋಕೆ."

"ನಾನೂ ಬರ್ಬೇಕಾ?"

"ನಿನ್ನಿಷ್ಟ."

"ನಂಗೆ ಎಲ್ಲಾದ್ರೂ ಸರಿ," ಎಂದ ಆರ್ಲಿನ್. ನಲವತ್ತೈದು ವರ್ಷದ ದಾಂಪತ್ಯದಲ್ಲಿ ಅವನು ಇಷ್ಟು ಪ್ರೀತಿಯ ಮಾತಾಡಿದ್ದು ಅದು ಮೂರನೆಯ ಸಲ.

ಅವರು ಆರಿಸಿಕೊಂಡದ್ದು ಮೆಕ್ಸಿಕೊದಲ್ಲಿ ದೊಡ್ಡ ಸರೋವರದ ದಂಡೆಯ ಮೇಲಿರುವ ಒಂದು ಊರನ್ನು. ಲವಾನಳ ಚಿಕ್ಕಪ್ಪನ ಮಗಳು ಅಲ್ಲಿಗೆ ಹೋಗಿ ಆರು ವರ್ಷವಾಗಿತ್ತು. ಊರಿನ ಹೆಸರು ಅಹಿಹಿಕ್. ಲವಾನ್ ಅದನ್ನು ಸರಿಯಾಗಿ ಹೇಳಲು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಾಗಲೆಲ್ಲ ಆರ್ಲಿನ್ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದ.

ಮೊದಲು ವೀಸಾ ಆಗಬೇಕಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಗಂಡಹೆಂಡತಿ ಇಬ್ಬರೂ ಚರ್ಚಿನ ಬಟ್ಟೆ ಹಾಕಿಕೊಂಡು, ಪಿಂಚಣಿಯ ಕಾಗದ, ಮದುವೆಯ ಕಾಗದ, ಫೋಟೊ ಎಲ್ಲ ಹಿಡಿದುಕೊಂಡು ನಗರದಲ್ಲಿರುವ ಮೆಕ್ಸಿಕೊದ ಕಚೇರಿಗೆ ಹೋದರು. ಅಲ್ಲಿ ಮೇಜಿನ ಹಿಂದೆ ಕೂತಿದ್ದವರು ಸೆನ್ಯೋರಾ ಅಲ್ಕಾಂತಾರ ಎಂಬ ಹೆಂಗಸು. ಕಾಗದಗಳನ್ನೆಲ್ಲ ನೋಡಿ, ಎಲ್ಲ ಸರಿಯಾಗಿದೆಯೆಂದು ತಲೆಯಾಡಿಸಿ, ಕೊನೆಗೆ ಸುಮ್ಮನೆ ಶಾಸ್ತ್ರಕ್ಕೆಂದು ಕೇಳಿದರು: "ಹಾಗಾದ್ರೆ ನೀವಿಬ್ರೂ ಮೆಕ್ಸಿಕೊದಲ್ಲಿ ವಾಸ ಮಾಡೋಕೆ ಇಷ್ಟ ಪಡ್ತೀರಿ?"

ಇಲ್ಲೇ ಆಯಿತು ನೋಡಿ ಪಜೀತಿ. ವೆಸ್ಟರ್‌ಹೆಮ್‌ನಲ್ಲಿ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲಕ್ಕೇ ಹೂಂ ಎನ್ನುವವರು ಪಶುಗಳು ಮಾತ್ರ. ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಒತ್ತಾಯ ಬಂದ ಮೇಲೆ, ಕೊಡುವವರಿಗೇ ಉಪಕಾರ ಮಾಡುವವರ ಹಾಗೆ, ಒಂದು ಚೂರು ಇಸಿದುಕೊಳ್ಳಬೇಕು. ತಟ್ಟೆಯಲ್ಲಿ ಕೊನೆಯ ತುಂಡು ಕೇಕು ಉಳಿದರೆ ಅದನ್ನು ಯಾರೂ ಪೂರ್ತಿ ತೆಗೆಯುವುದಿಲ್ಲ; ಅರ್ಧ ಕತ್ತರಿಸುತ್ತಾರೆ, ಮುಂದಿನವರು ಆ ಅರ್ಧದಲ್ಲಿ ಅರ್ಧ ಕತ್ತರಿಸುತ್ತಾರೆ, ಕೊನೆಗೆ ಪುಡಿ ಉಳಿಯುತ್ತದೆ, ಆ ಪುಡಿಯನ್ನೂ ಯಾರೂ ಮುಟ್ಟುವುದಿಲ್ಲ. ಇಂಥ ಊರಿನವರಿಗೆ ಒಂದು ದೇಶವನ್ನೇ ಬೇಕಾ ಎಂದು ಕೇಳಿದರೆ?

"ಅಯ್ಯೋ, ನಿಮಗೆ ತೊಂದರೆ ಆಗೋದಾದ್ರೆ ಬೇಡಿ," ಎಂದಳು ಲವಾನ್.

ಸೆನ್ಯೋರಾ ಕನ್ನಡಕದ ಮೇಲಿಂದ ನೋಡಿದರು. "ತೊಂದರೆ ಏನಿಲ್ಲ. ಇಷ್ಟ ಇದೆಯಾ?"

"ಬೇರೆ ಯಾರಿಗಾದ್ರೂ ಜಾಸ್ತಿ ಅಗತ್ಯ ಇದ್ರೆ ಅವರಿಗೇ ಕೊಡಿ," ಎಂದ ಆರ್ಲಿನ್. "ನಮಗೆ ಹೇಗೋ ಆಗುತ್ತೆ."

ಲವಾನ್ ಮೇಜಿನ ಮೇಲಿನ ಕಾಗದಗಳನ್ನೇ ನೋಡುತ್ತಿದ್ದಳು. ಇಲ್ಲಿಗೇ ಮುಗಿದರೆ? ಈ ಹೆಂಗಸು ಮೂರನೆಯ ಸಲ ಕೇಳದೆ ಕಾಗದ ಮಡಿಸಿ ವಾಪಸು ಕೊಟ್ಟುಬಿಟ್ಟರೆ? ಆಗಲೂ ಬಾಯಿ ಬಿಟ್ಟು ಬೇಕು ಎನ್ನಲು ಅವಳಿಗೆ ಆಗಲಿಲ್ಲ. ಸೆನ್ಯೋರಾ ಅಲ್ಕಾಂತಾರ ಪೆನ್ನು ಕೆಳಗಿಟ್ಟರು. ಅವರು ಮಿನೆಸೋಟದಲ್ಲಿ ಒಂಬತ್ತು ಚಳಿಗಾಲ ಕಳೆದವರು. ಒಂದು ಸಣ್ಣ ನಿಟ್ಟುಸಿರು ಬಿಟ್ಟು ಮೂರನೆಯ ಸಲ ಕೇಳಿದರು: "ದಯವಿಟ್ಟು ಮೆಕ್ಸಿಕೊಗೆ ಬರ್ತೀರಾ?"

"ನೀವು ಇಷ್ಟು ಹೇಳ್ತೀರಿ ಅಂದ ಮೇಲೆ," ಎಂದಳು ಲವಾನ್, ಕಣ್ಣಲ್ಲಿ ನೀರು ತಂದುಕೊಂಡು.

ವೀಸಾ ಅಂಟಿಸಿ ಕೊಡುತ್ತಾ ಸೆನ್ಯೋರಾ ಒಂದು ಮಾತು ಹೇಳಿದರು: ಇವತ್ತಿನಿಂದ ನೂರ ಎಂಬತ್ತು ದಿನದೊಳಗೆ ಗಡಿ ದಾಟಬೇಕು. ಅಕ್ಟೋಬರ್ ಇಪ್ಪತ್ತು ಕೊನೆಯ ದಿನ. ಆಮೇಲೆ ಇದು ಬರೀ ಕಾಗದ. ಆರ್ಲಿನ್ ಲೆಕ್ಕ ಹಾಕಿದ. ಪಿಕಪ್ ಗಾಡಿಯಲ್ಲಿ ಗಡಿಗೆ ನಾಲ್ಕು ದಿನದ ದಾರಿ. ಅಕ್ಟೋಬರ್ ಹದಿನಾರಕ್ಕೆ ಹೊರಟರೂ ಆಯಿತು. "ಏಪ್ರಿಲ್‌ನಿಂದ ಅಕ್ಟೋಬರ್. ಅಷ್ಟರಲ್ಲಿ ಹುಲ್ಲೇ ಮೂರು ಸಲ ಬೆಳೆದು ಕೊಯ್ಲಾಗುತ್ತೆ," ಎಂದ. ಇಬ್ಬರೂ ಆಗಸ್ಟ್ ಒಂದಕ್ಕೆ ಹೊರಡುವುದೆಂದು ತೀರ್ಮಾನಿಸಿದರು.

ಮನೆ ಖಾಲಿ ಮಾಡುವ ಕೆಲಸ ಶುರುವಾಯಿತು. ಮನೆಯನ್ನು ಶಾಲೆಗೆ ಹೊಸದಾಗಿ ಬರುವ ಸಂಗೀತದ ಮೇಷ್ಟ್ರಿಗೆ ಬಾಡಿಗೆಗೆ ಮಾತಾಡಿಯಾಗಿತ್ತು. ಆರ್ಲಿನ್ ತನ್ನ ಪಾಲಿನ ಸಾಮಾನು ಕಟ್ಟಿದ. ಅವನ ಗಂಟಿನಲ್ಲಿ ಎರಡು ಅಂಗಿ, ಒಂದು ಪ್ಯಾಂಟು, ಮತ್ತು ಹಿಮ ಎತ್ತುವ ಮೂರು ಸಲಿಕೆಗಳಿದ್ದವು.

"ಸಲಿಕೆ ಯಾಕೋ?"

"ಇರ್ಲಿ ಅಂತ."

"ಅಲ್ಲಿ ಹಿಮ ಬೀಳಲ್ಲ ಆರ್ಲಿನ್. ಅದಕ್ಕೇ ಹೋಗ್ತಿರೋದು."

"ಇವತ್ತಿನ ತನಕ ಬಿದ್ದಿಲ್ಲ," ಎಂದ ಆರ್ಲಿನ್. ಎರಡು ಸಲಿಕೆ ಇಳಿದವು. ಮೂರನೆಯದರ ಬಗ್ಗೆ ಮಾತು ಬೇಡವೆಂದು ಇಬ್ಬರೂ ಒಪ್ಪಿಕೊಂಡರು.

ಲವಾನ್ ಕೈಹಾಕಿದ್ದು ಅಡುಗೆಮನೆಯ ಬೀರುಗಳಿಗೆ. ಕೆಳಗಿನ ಬೀರು ತೆರೆದು, ಹಿಂದಕ್ಕೆ ಕೈಚಾಚಿ, ಒಂದೊಂದಾಗಿ ತೆಗೆದು ಊಟದ ಮೇಜಿನ ಮೇಲೆ ಜೋಡಿಸಿದಳು. ಗಾಜಿನ ಉದ್ದ ತಟ್ಟೆಗಳು, ಮುಚ್ಚಳವಿರುವ ಪಿಂಗಾಣಿ ಪಾತ್ರೆಗಳು, ಕೇಕಿನ ಡಬ್ಬಗಳು. ಮೇಜು ತುಂಬಿ ಕುರ್ಚಿಗಳ ಮೇಲೆ ಬಂತು. ಇಪ್ಪತ್ತೊಂದು. ತಿರುಗಿಸಿ ನೋಡಿದರೆ ಪ್ರತಿಯೊಂದರ ತಳದಲ್ಲೂ ಅಂಟುಪಟ್ಟಿ, ಅದರ ಮೇಲೆ ಹೆಸರು. ಒಂದರ ಮೇಲೂ ಬ್ರೆಕೆ ಎಂದಿರಲಿಲ್ಲ.

ವೆಸ್ಟರ್‌ಹೆಮ್‌ನಲ್ಲಿ ಯಾರಿಗಾದರೂ ಮಗುವಾದರೆ, ಯಾರಾದರೂ ಸತ್ತರೆ, ಕಾಲು ಮುರಿದರೆ, ಹಲ್ಲು ಕಿತ್ತರೆ ಅಕ್ಕಪಕ್ಕದವರು ಹಾಟ್‌ಡಿಶ್ ತರುತ್ತಾರೆ. ಕೊಚ್ಚಿದ ಮಾಂಸ, ಡಬ್ಬಿಯ ಸೂಪು, ಮೇಲೆ ಆಲೂಗಡ್ಡೆ, ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದಿರುತ್ತದೆ. ಪಾತ್ರೆಯನ್ನು ತೊಳೆದು ಹಿಂದಿರುಗಿಸಬೇಕು. ಆದರೆ ಖಾಲಿ ಕೊಡುವ ಹಾಗಿಲ್ಲ. ಅದರಲ್ಲಿ ಏನಾದರೂ ಹಾಕಿ ಕೊಡಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮೂಗಿನಿಂದ ಉಸಿರಾಡುವುದನ್ನು ಯಾರು ಕಲಿಸುತ್ತಾರೆ? ಊರಿನ ಇತಿಹಾಸದಲ್ಲಿ ಒಂದೇ ಒಂದು ಸಲ ಒಬ್ಬಾತ ಖಾಲಿ ಪಾತ್ರೆ ಹಿಂದಿರುಗಿಸಿದ್ದ, ಅವನು ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದ.

"ಇದೆಲ್ಲ ಕೊಟ್ಟೇ ಹೋಗ್ಬೇಕು," ಎಂದಳು ಲವಾನ್. "ಊರಿನವರ ಪಾತ್ರೆ ಬೀರುವಿನಲ್ಲಿ ಇಟ್ಕೊಂಡು ದೇಶ ಬಿಟ್ಟು ಓಡಿಹೋದ್ಲು ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ಮೂರು ದಿನ ಒಲೆ ಆರಲಿಲ್ಲ. ಲವಾನ್ ಬಾರ್ ಮಾಡಿದಳು. ಬಾರ್ ಎಂದರೆ ತಟ್ಟೆಯಲ್ಲಿ ಬೇಯಿಸಿ ಚೌಕ ಚೌಕವಾಗಿ ಕತ್ತರಿಸುವ ಸಿಹಿ. ನಿಂಬೆಯ ಬಾರ್, ಖರ್ಜೂರದ ಬಾರ್, ಕಡಲೆಕಾಯಿ ಬೆಣ್ಣೆಯ ಬಾರ್. ಮೊದಲ ದಿನ ಒಂಬತ್ತು ಪಾತ್ರೆ ತುಂಬಿಸಿಕೊಂಡು ಆರ್ಲಿನ್‌ನ ಪಿಕಪ್‌ನಲ್ಲಿ ಹೊರಟಳು. ಸಂಜೆ ಬಂದಾಗ ಗಾಡಿಯಲ್ಲಿ ಹನ್ನೊಂದಿದ್ದವು.

"ಕೊಡೋಕೆ ತಾನೇ ಹೋಗಿದ್ದು?" ಎಂದ ಆರ್ಲಿನ್.

"ಕೊಟ್ಟೆ. ದೇಶ ಬಿಟ್ಟು ಹೋಗ್ತಿದ್ದೀರಿ, ಅಡುಗೆ ಮಾಡೋಕೆ ಪುರುಸೊತ್ತು ಎಲ್ಲಿರುತ್ತೆ ಪಾಪ ಅಂತ ಎಲ್ಲರೂ ಹಾಟ್‌ಡಿಶ್ ಕೊಟ್ರು."

"ಬೇಡ ಅನ್ಬೇಕಿತ್ತು."

"ಎರಡು ಸಲ ಅಂದೆ."

ಮುಂದಿನ ವಾರ ಹನ್ನೆರಡು ಕೊಟ್ಟಳು, ಹದಿನಾಲ್ಕು ಬಂದವು. ಪಾತ್ರೆಗಳ ಸಾಲು ಹನುಮಂತನ ಬಾಲದ ಹಾಗೆ ಬೆಳೆಯಿತು. ಆರ್ಲಿನ್ ಬೆಳಿಗ್ಗೆ ಹಾಟ್‌ಡಿಶ್ ತಿಂದ, ಮಧ್ಯಾಹ್ನ ಹಾಟ್‌ಡಿಶ್ ತಿಂದ, ರಾತ್ರಿ ಬೇರೆಯವರ ಮನೆಯ ಹಾಟ್‌ಡಿಶ್ ತಿಂದ. ಪ್ಯಾಂಟಿನ ಸೊಂಟದ ಗುಂಡಿ ಈಗ ಲವಾನ್ ಹಾಕಿಕೊಡಬೇಕಾಯಿತು. ಆಗಸ್ಟ್ ಒಂದು ಬಂತು, ಹೋಯಿತು. ಸೆಪ್ಟೆಂಬರ್ ಐದಕ್ಕೆ ಖಂಡಿತ ಎಂದುಕೊಂಡರು. ಅದೂ ಹೋಯಿತು.

ಪಾತ್ರೆಗಳನ್ನು ಚರ್ಚಿನ ನೆಲಮಾಳಿಗೆಯಲ್ಲಿ ರಾಶಿ ಹಾಕಿ ಬರೋಣ ಎಂದ ಆರ್ಲಿನ್. ಅವನು ಬೆತ್ತಲೆ ಹೋಗೋಣ ಎಂದಿದ್ದರೂ ಲವಾನ್ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಾಗಾದರೆ ಬಾಗಿಲ ಮುಂದೆ ಇಟ್ಟು ಓಡಿಬಂದುಬಿಡೋಣ, ಯಾರೂ ಎದುರಿಗೆ ಸಿಗದಿದ್ದರೆ ಯಾರೂ ಏನೂ ಕೊಡುವುದಿಲ್ಲವಲ್ಲ ಎಂದ. ಇದು ಅವಳಿಗೆ ಹಿಡಿಸಿತು. ಮೊದಲ ಪ್ರಯೋಗಕ್ಕೆ ಹಿಲ್ಮಾ ಎಂಗೆಬ್ರೆಟ್ಸನ್ ಎಂಬ ಮುದುಕಿಯ ಮನೆ ಆರಿಸಿಕೊಂಡರು. ಹಿಲ್ಮಾಗೆ ತೊಂಬತ್ತೊಂದು ವರ್ಷ, ಮಧ್ಯಾಹ್ನ ಮಲಗುತ್ತಾಳೆ, ಕಿವಿಯೂ ಮಂದ.

ಮಧ್ಯಾಹ್ನ ಎರಡಕ್ಕೆ ಆರ್ಲಿನ್ ಗಾಡಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿದ. ಲವಾನ್ ಬಾಗಿ, ಪೊದೆಗಳ ಮರೆಯಲ್ಲಿ, ನಿಂಬೆಯ ಬಾರ್ ತುಂಬಿದ ಪಾತ್ರೆಯನ್ನು ಎದೆಗೆ ಅವುಚಿಕೊಂಡು ನಡೆದಳು. ಮೆಟ್ಟಿಲ ಮೇಲೆ ಇಟ್ಟಳು. ತಿರುಗಿದಳು.

"ಕಾಫಿ ಇದೆ," ಎಂದಿತು ಕಿಟಕಿ.

ಕಿಟಕಿಯ ಹಿಂದೆ ಹಿಲ್ಮಾ ಕೂತಿದ್ದಳು. ಗಾಡಿ ಬೀದಿಯ ತುದಿಯಲ್ಲಿ ನಿಂತಾಗಿನಿಂದಲೂ ನೋಡುತ್ತಿದ್ದಳಂತೆ.

"ಬೇಡ ಹಿಲ್ಮಾ, ತೊಂದರೆ ಬೇಡ."

"ಮಾಡಿಟ್ಟಿದ್ದೀನಿ ಕಣೇ."

"ಬೇಡ, ಹೊರಟಿದ್ದೆ."

"ಪೊದೆ ಒಳಗಿಂದ ಬಂದ್ಯಲ್ಲ, ಹೊರಡೋಕೂ ಅದೇ ದಾರಿನಾ? ಬಾ ಒಳಗೆ."

ಮೂರು ಸಲವಾಗಿತ್ತು. ಲವಾನ್ ಒಳಗೆ ಹೋದಳು. ಆರ್ಲಿನ್‌ನನ್ನೂ ಕರೆದರು. ಸಂಜೆ ಐದಕ್ಕೆ ಇಬ್ಬರೂ ಹೊರಗೆ ಬಂದಾಗ ಲವಾನಳ ಕೈಯಲ್ಲಿ ಎರಡು ಪಾತ್ರೆ, ಆರ್ಲಿನ್‌ನ ಕೈಯಲ್ಲಿ ನಡುಗುವ ಹಸಿರು ಜೆಲ್ಲಿ ತುಂಬಿದ ಒಂದು ಬೋಗುಣಿ, ಅದರೊಳಗೆ ತುರಿದ ಕ್ಯಾರೆಟ್ಟು.

ಇಷ್ಟರಲ್ಲಿ ಎಲ್ಲರಿಗಿಂತ ಹೆಚ್ಚು ಪಾತ್ರೆ ಕಳಿಸುತ್ತಿದ್ದವಳು ಪಕ್ಕದ ಮನೆಯ ಬರ್ನೀಸ್ ಟಾಫ್ಟೆ. ಲವಾನಳ ಅಡುಗೆಮನೆಯ ಕಿಟಕಿಗೆ ಎದುರಾಗಿ ಅವಳ ಅಡುಗೆಮನೆಯ ಕಿಟಕಿ. ನಲವತ್ತೊಂದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಪಾತ್ರೆ ತೊಳೆದಿದ್ದಾರೆ. ಬರ್ನೀಸಳ ಗಂಡ ತೀರಿಕೊಂಡು ಎಂಟು ವರ್ಷ. ಮೆಕ್ಸಿಕೊ ವಿಷಯ ಕೇಳಿದ ದಿನ ಅವಳು ಅಂದದ್ದು ಇಷ್ಟೇ: "ಓ. ಅದೂ ಒಂಥರಾ ಬೇರೆ." ಆ ಊರಿನಲ್ಲಿ ಒಂದು ವಿಷಯ ಒಂಥರಾ ಬೇರೆ ಎಂದರೆ ಅದಕ್ಕೆ ಬೆಂಕಿ ಹಾಕು ಎಂದು ಅರ್ಥ. ಆದರೆ ಬರ್ನೀಸ್ ಮತ್ತೇನೂ ಹೇಳಲಿಲ್ಲ. ಹೋಗಬೇಡ ಎನ್ನಲಿಲ್ಲ, ಬೇಜಾರು ಎನ್ನಲಿಲ್ಲ. ಮಂಗಳವಾರ ನೂಡಲ್ ಹಾಟ್‌ಡಿಶ್, ಶುಕ್ರವಾರ ಅನ್ನದ ಹಾಟ್‌ಡಿಶ್ ತಂದಿಟ್ಟು, ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಹೋಗುತ್ತಿದ್ದಳು. ಲವಾನಳಿಗೆ ಒಳಗೊಳಗೇ ಚುಚ್ಚುತ್ತಿತ್ತು. ಇಷ್ಟು ವರ್ಷದ ನಂಟು, ಒಂದು ಮಾತು ಬೇಡವೇ ಎಂದು ಒಂದು ದಿನ ಆರ್ಲಿನ್‌ನ ಮುಂದೆ ಅತ್ತೂಬಿಟ್ಟಳು. ಆರ್ಲಿನ್ ಎದ್ದು ಹೋಗಿ ಹೆಂಡತಿಯ ಕಾರಿನ ಎಣ್ಣೆ ಬದಲಾಯಿಸಿದ. ಅವನಿಗೆ ತಿಳಿದ ಸಮಾಧಾನ ಅದು.

ಅಕ್ಟೋಬರ್ ಹದಿನಾಲ್ಕು ಬಂತು. ಬೆಳಿಗ್ಗೆ ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ಲವಾನಳ ಬಲಗೈಯ ಎರಡು ಬೆರಳು ಊದಿಕೊಂಡಿದ್ದವು. ಮನೆಯಲ್ಲಿ ಇಪ್ಪತ್ತೇಳು ಪಾತ್ರೆಗಳಿದ್ದವು. ಅವಳು ಬಾರ್ ಮಾಡಲು ಹಿಟ್ಟು ಹುಡುಕಿದರೆ ಹಿಟ್ಟು ಮುಗಿದಿತ್ತು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಯಾವಾಗಲೂ ಒಂದು ಮೂಟೆ ಇರುತ್ತದೆ, ಎರಡು ಸೇರು ಕೇಳಿ ತರೋಣವೆಂದು ಹೋದಳು.

ಅಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ, ಯಾವ ದಿನ ಯಾರು ಊಟ ಒಯ್ಯುವುದೆಂದು ಬರೆದು ಹಾಕುವ ಸರದಿ ಪಟ್ಟಿ ಅದು. ಪಾಪ, ಯಾರಿಗೆ ಏನಾಯಿತೋ ಎಂದುಕೊಂಡು ಲವಾನ್ ಕನ್ನಡಕ ಹಾಕಿಕೊಂಡಳು. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಬ್ರೆಕೆ ಮನೆಗೆ. ಕೆಳಗೆ ಜುಲೈನಿಂದ ಹಿಡಿದು ಒಂದೊಂದು ತಾರೀಖಿಗೆ ಒಂದೊಂದು ಹೆಸರು. ಅಕ್ಟೋಬರ್ ಹದಿನೈದು, ಹದಿನಾರು, ಹದಿನೇಳು. ಇಪ್ಪತ್ತು. ಇಪ್ಪತ್ತೊಂದು. ವೀಸಾ ಇಪ್ಪತ್ತಕ್ಕೇ ಮುಗಿಯುತ್ತದೆ, ಪಟ್ಟಿ ಮೂವತ್ತರವರೆಗೂ ಇತ್ತು. ಪ್ರತಿ ಹೆಸರಿನ ಮುಂದೆ ಒಂದು ಸೂಚನೆ: ಎರಡು ಪಾತ್ರೆಯಲ್ಲಿ ಕೊಡಿ. ಅಕ್ಷರ ಬರ್ನೀಸಳದು. ನಲವತ್ತೊಂದು ವರ್ಷದ ಕ್ರಿಸ್‌ಮಸ್ ಕಾರ್ಡುಗಳಲ್ಲಿ ನೋಡಿದ ಅಕ್ಷರ.

ಲವಾನ್ ಆ ಪಟ್ಟಿಯನ್ನು ಮೇಲಿನಿಂದ ಇನ್ನೊಮ್ಮೆ ಓದಿದಳು. ಮೈಯೆಲ್ಲ ಉರಿಯಿತು. ಶಾಲೆಯ ಅಡುಗೆಯವಳ ಗತ್ತೆಲ್ಲ ಎದ್ದು ಬಂತು. ಅವಳ ಬಾಯಿಂದ ಹೊರಟ ಬೈಗುಳವನ್ನು ಇಲ್ಲಿ ಬರೆಯಬಾರದು, ಆದರೂ ಬರೆಯುತ್ತೇನೆ. "ಹಾಗಾ," ಎಂದಳು ಲವಾನ್.

ಹಿಟ್ಟು ತರಲಿಲ್ಲ. ಮನೆಗೆ ಬಂದು ಇಪ್ಪತ್ತೇಳು ಪಾತ್ರೆಗಳನ್ನೂ ಬಿಸಿನೀರಿನಲ್ಲಿ ತೊಳೆದಳು, ಒರೆಸಿದಳು, ಗಾಡಿಯಲ್ಲಿ ಜೋಡಿಸಿದಳು.

"ಒಳಗೇನು ಹಾಕ್ದೆ?" ಎಂದ ಆರ್ಲಿನ್.

"ಏನೂ ಇಲ್ಲ."

ಆರ್ಲಿನ್ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತ. "ಲವಾನ್," ಎಂದ ಮೆಲ್ಲಗೆ, "ನಾವು ಈ ಊರಿಗೆ ಮತ್ತೆ ಬರ್ಬೇಕಾಗ್ಬಹುದು."

"ಗಾಡಿ ಹೊಡಿ."

ಮೊದಲ ಮನೆ ಹಾರ್ಡ್‌ವೇರ್ ಅಂಗಡಿಯ ಡ್ವೈಟ್ ಸೋರ್ಬೊನದು. ಅವನು ಪಾತ್ರೆ ಇಸಿದುಕೊಂಡು, ಮುಚ್ಚಳ ತೆಗೆದು, ಒಳಗೆ ನೋಡಿ, ಮುಚ್ಚಳ ಹಾಕಿ, ಮತ್ತೆ ತೆಗೆದು ನೋಡಿದ. ಲವಾನಳ ಮುಖದಲ್ಲಿ ಬಿಸಿ ಏರಿ ಕಿವಿ ಸುಡುತ್ತಿತ್ತು. ಓಡಿಹೋಗಿ ಅಂಗಡಿಯಿಂದ ಒಂದು ಡಬ್ಬ ಬಿಸ್ಕತ್ತಾದರೂ ತಂದು ಸುರಿದುಬಿಡಲೇ ಎನ್ನಿಸಿತು.

"ಸರಿ... ಹಾಗಾದ್ರೆ," ಎಂದ ಡ್ವೈಟ್. ಪಾಪ, ಅವನಿಗೆ ಮುಂದಿನ ಮಾತೇ ಗೊತ್ತಿರಲಿಲ್ಲ. ಖಾಲಿ ಪಾತ್ರೆ ತಂದವರಿಗೆ ಹಾಟ್‌ಡಿಶ್ ಕೊಡಬೇಕೋ ಬೇಡವೋ, ಇಂಥ ಪ್ರಸಂಗ ಅವನ ತಂದೆಯ ಕಾಲದಲ್ಲೂ ಬಂದಿರಲಿಲ್ಲ. ಅವನು ಯೋಚನೆ ಮುಗಿಸುವ ಮುಂಚೆ ಲವಾನ್ ಗಾಡಿ ಹತ್ತಿಯಾಗಿತ್ತು. ಕೈಯಲ್ಲಿ ಏನೂ ಇರಲಿಲ್ಲ. ನೋಡಿ, ಎಷ್ಟು ಸುಲಭ! ಎರಡನೆಯ ಮನೆಗೆ ಹೋಗುವಾಗ ಕಿವಿ ಸ್ವಲ್ಪ ಕಡಿಮೆ ಸುಟ್ಟಿತು. ಹತ್ತನೆಯ ಮನೆಯ ಹೊತ್ತಿಗೆ ಅವಳೇ ಗುನುಗಿಕೊಳ್ಳುತ್ತಿದ್ದಳು.

ಹಿಲ್ಮಾ ಮಾತ್ರ ಪಾತ್ರೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. "ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ ಹಿಲ್ಮಾ. ಖಾಲಿ ತಂದಿದ್ದೀನಿ. ಬೇಜಾರು ಮಾಡ್ಕೋಬೇಡ."

"ಬೇಜಾರಾ? ಎಪ್ಪತ್ತು ವರ್ಷದಿಂದ ಯಾರಾದ್ರೂ ಹೀಗೆ ಮಾಡ್ಲಿ ಅಂತ ಕಾಯ್ತಾ ಇದ್ದೀನಿ. ನಂಗೆ ಬಾರ್ ಅಂದ್ರೆ ಆಗೋದೇ ಇಲ್ಲ ಕಣೇ. ಬಂದದ್ದೆಲ್ಲ ಹಕ್ಕಿಗೆ ಹಾಕ್ತೀನಿ."

"ನನ್ನ ಬಾರೂನಾ?"

"ನಿನ್ನದನ್ನ ಹಕ್ಕಿನೂ ತಿನ್ನಲ್ಲ," ಎಂದಳು ಹಿಲ್ಮಾ, ಪ್ರೀತಿಯಿಂದ ಅವಳ ಕೆನ್ನೆ ತಟ್ಟಿ. "ಓಡು, ಓಡು. ಅಲ್ಲಿ ಚೆನ್ನಾಗಿ ಬಿಸಿಲು ಕಾಯಿಸ್ಕೋ."

ಎರಡು ದಿನದಲ್ಲಿ ಇಪ್ಪತ್ತಾರು ಪಾತ್ರೆ ಅವರವರ ಮನೆ ಸೇರಿದವು. ಹದಿನಾರನೆಯ ತಾರೀಖು ಬೆಳಿಗ್ಗೆ ಎಂಟಕ್ಕೆ ಆರ್ಲಿನ್ ಗಾಡಿಯ ಹಿಂಭಾಗಕ್ಕೆ ಹಗ್ಗ ಬಿಗಿದು, ಎಂಜಿನ್ ಚಾಲೂ ಮಾಡಿ ಕೂತ. ಉಳಿದದ್ದು ಒಂದೇ ಪಾತ್ರೆ. ನೀಲಿ ಬಣ್ಣದ ಉದ್ದ ಪಾತ್ರೆ, ತಳದಲ್ಲಿ ಟಾಫ್ಟೆ ಎಂದು ಬರೆದದ್ದು. ಲವಾನ್ ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು. ಎರಡು ದಿನದಿಂದ ಬೈಗುಳದ ಮಾತನ್ನು ಮನಸ್ಸಿನಲ್ಲೇ ಸಾಣೆ ಹಿಡಿದು ಇಟ್ಟಿದ್ದಳು.

ಬರ್ನೀಸ್ ಬಾಗಿಲು ತೆಗೆದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಲವಾನ್ ಪಾತ್ರೆ ಚಾಚಿದಳು. ಬರ್ನೀಸ್ ಒಳಗೆ ನೋಡಿದಳು.

"ಖಾಲಿ."

"ಖಾಲಿ."

"ತೊಳ್ದಿದ್ದೀಯ."

"ತೊಳ್ದಿದ್ದೀನಿ. ಬರ್ನೀಸ್, ನಾನು ಪಟ್ಟಿ ನೋಡ್ದೆ. ಮೂವತ್ತನೇ ತಾರೀಖಿನ ತನಕ ಇತ್ತು."

"ಮೂವತ್ತೊಂದಕ್ಕೆ ಯಾರೂ ಸಿಗ್ಲಿಲ್ಲ," ಎಂದಳು ಬರ್ನೀಸ್.

ಲವಾನ್ ಉಸಿರೆಳೆದುಕೊಂಡು ಸಾಣೆ ಹಿಡಿದ ಮಾತನ್ನು ಆಡಿಯೇಬಿಟ್ಟಳು. "ನೀನು ಮಾಡಿದ್ದು ಒಂಥರಾ ಬೇರೆ ಆಯ್ತು."

ಬರ್ನೀಸಳ ಮುಖ ಬಾಡಿತು. ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಗಂಡನ ಮಣ್ಣಿನಲ್ಲೂ ಎಲ್ಲರಿಗೂ ಕಾಫಿ ಬಗ್ಗಿಸಿಕೊಂಡು ಓಡಾಡಿದ್ದ ಹೆಂಗಸು, ಬಾಗಿಲಲ್ಲಿ ನಿಂತು ಮಗುವಿನ ಹಾಗೆ ಅತ್ತಳು.

"ಬೆಳಿಗ್ಗೆ ಎದ್ದು ನಿನ್ನ ಅಡುಗೆಮನೆ ದೀಪ ನೋಡ್ತೀನಿ," ಎಂದಳು. "ಅದು ಹತ್ತಿದ ಮೇಲೆ ನಾನು ನನ್ನ ದೀಪ ಹಾಕ್ತೀನಿ. ಅವನು ಹೋದಾಗಿನಿಂದ ಹಾಗೇ. ಇನ್ನು ಯಾರ ಕಿಟಕಿ ನೋಡ್ಲಿ? ಆ ಸಂಗೀತದ ಮೇಷ್ಟ್ರದಾ?"

"ಹೋಗ್ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ನೀನು."

"ಹೇಳಿದ್ರೆ ನೀನು ನಿಂತುಬಿಡ್ತಿದ್ದೆ."

ಅದು ನಿಜವಾಗಿತ್ತು.

"ನಿನ್ನ ಕೈ ನೋಡೋಕಾಗಲ್ಲ ನಂಗೆ, ಚಳಿಗಾಲದಲ್ಲಿ," ಎಂದಳು ಬರ್ನೀಸ್, ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು. "ಅದಕ್ಕೇ ಬಾಯಿ ಬಿಡ್ಲಿಲ್ಲ. ಸುಮ್ನೆ ಹಾಟ್‌ಡಿಶ್ ಕಳಿಸ್ದೆ."

ಇಬ್ಬರಿಗೂ ನಗು ಬಂತು, ಅಳುವಿನ ನಡುವೆಯೇ. ಲವಾನ್ ಅವಳ ತೋಳು ಹಿಡಿದುಕೊಂಡಳು. ಅಪ್ಪಿಕೊಳ್ಳುವುದು ಆ ಊರಿನಲ್ಲಿ ಅಷ್ಟಾಗಿ ಇಲ್ಲ. ತೋಳು ಹಿಡಿದುಕೊಂಡದ್ದೇ ಹೆಚ್ಚು. ಅಷ್ಟರಲ್ಲಿ ಒಳಗಿನಿಂದ ಟ್ರಿಂಗ್ ಎಂದು ಒಲೆಯ ಗಂಟೆ ಹೊಡೆಯಿತು. ಬೆಂದ ಚೀಸಿನ ಬಿಸಿ ವಾಸನೆ ಬಾಗಿಲವರೆಗೂ ಬಂತು.

"ಅದೇನು?" ಎಂದಳು ಲವಾನ್.

"ಏನಿಲ್ಲ."

"ಬರ್ನೀಸ್."

"ದಾರಿಗೆ ಅಂತ... ನಾಲ್ಕು ದಿನದ ಪ್ರಯಾಣ ಅಂದ್ಯಲ್ಲ." ಬರ್ನೀಸ್ ಒಳಗೆ ನೋಡಿದಳು, ಹೊರಗೆ ನೋಡಿದಳು. ಅವಳ ಕಾಲುಗಳು ಆಗಲೇ ಒಲೆಯ ಕಡೆ ಎಳೆಯುತ್ತಿದ್ದವು. "ಹೋಗು ಲವಾನ್. ನಾನು ಒಳಗೆ ಹೋಗಿ ಅದನ್ನ ತರೋ ಮುಂಚೆ ಹೋಗು. ಓಡು!"

ಅರವತ್ತೇಳು ವರ್ಷದ ಲವಾನ್ ಬ್ರೆಕೆ ಮೆಟ್ಟಿಲಿಳಿದು ಓಡಿದಳು. ಬಾಗಿಲಲ್ಲಿ ಒಂದು ಸಲ, ಅಂಗಳದಲ್ಲಿ ಒಂದು ಸಲ, ಗಾಡಿಯ ಕಿಟಕಿಯಲ್ಲಿ ಒಂದು ಸಲ ಹೋಗಿಬರುತ್ತೇನೆ ಎನ್ನುವ ಪದ್ಧತಿಯನ್ನೂ ಬಿಟ್ಟು, ಗಾಡಿ ಹತ್ತಿ ಬಾಗಿಲು ಬಡಿದುಕೊಂಡಳು. ಗಾಡಿ ಹೊರಟಿತು. ಬೀದಿಯ ಅರ್ಧ ದಾಟುವಷ್ಟರಲ್ಲಿ ಆರ್ಲಿನ್ ಕನ್ನಡಿ ನೋಡಿ, ಅಭ್ಯಾಸಬಲದಿಂದ ಬ್ರೇಕಿನ ಮೇಲೆ ಕಾಲಿಟ್ಟ.

"ಬರ್ನೀಸ್ ಓಡಿ ಬರ್ತಿದ್ದಾಳೆ. ಕೈಯಲ್ಲಿ ಪಾತ್ರೆ ಇದೆ. ಹೊಗೆ ಆಡ್ತಿದೆ."

"ಗೊತ್ತು. ನಿಲ್ಲಿಸ್ಬೇಡ."

"ಮೂರು ಸಲ ಕೂಗಿದ್ಲು, ಲವಾನ್."

"ಹೊಡಿ, ಆರ್ಲಿನ್."

ಆರ್ಲಿನ್ ಹೊಡೆದ. ಲವಾನ್ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಪಕ್ಕದ ರಾಜ್ಯವಾದ ಅಯೋವಾದ ಗಡಿ ದಾಟುವವರೆಗೂ ಅಳುತ್ತಾ ಕೂತಿದ್ದಳು. ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದು ಹೋಗಿ ಇಸಿದುಕೊಂಡುಬಿಡುತ್ತಿದ್ದಳು.